ಮಾನ್ವಿಯ ಬಜಾರನ್ನು ಹೊತ್ತು ಕೊಲಂಬೊಗೆ

ರಾಯಚೂರು

ರಾಯಚೂರು ಸ್ಟೇಷನ್ನಿನಲ್ಲಿ ಮದರಾಸಿನ ಗಾಡಿಗೆ ಕಾಯುತ್ತಿದ್ದಾಗ ನನ್ನ ಬಳಿ ಎರಡೇ ಸಾಮಾನುಗಳಿದ್ದವು. ಟ್ರಂಕನ್ನು ಹಮಾಲನಿಗೆ ಕೊಟ್ಟೆ. ಖಾಕಿ ಬಟ್ಟೆಯ ಚೀಲವನ್ನು ಕೊಡಲಿಲ್ಲ. ಕೊಲಂಬೊ ಮುಟ್ಟುವವರೆಗೆ ಅದು ಯಾರ ಕೈಗೂ ಹೋಗಬಾರದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡಿದ್ದೆ.

ಚೀಲದಲ್ಲಿದ್ದದ್ದು ನಲವತ್ತು ಹಾಳೆಗಳು. ಸಣ್ಣ ಊರಿಗೆ ಬ್ಯಾಂಕು ಬಂದ ಮೇಲೆ ಸರಕಾರಕ್ಕೆ ಸೇರುವ ತೆರಿಗೆ ಹೆಚ್ಚುತ್ತದೆಯೇ ಎಂಬುದು ನಮ್ಮ ಪ್ರೊಫೆಸರರ ಪ್ರಶ್ನೆ. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದ ನಾನು ಅವರ ಸಹಾಯಕಿ. ಒಂದು ವರ್ಷ ಮಾನ್ವಿ ಮತ್ತು ದೇವದುರ್ಗದ ಅಂಗಡಿಗಳನ್ನು ಹತ್ತಿ ಇಳಿದು, ವ್ಯಾಪಾರದಲ್ಲಿ ಎಷ್ಟು ಬ್ಯಾಂಕಿನ ಮೂಲಕ ನಡೆಯುತ್ತದೆ, ಎಷ್ಟು ಕೈಯಿಂದ ಕೈಗೆ ಎಂದು ಕೇಳಿ ಬರೆದುಕೊಂಡಿದ್ದೆ. ಇದೇ ವಿಷಯದ ಮೇಲೆ ಕೊಲಂಬೊದಲ್ಲಿ ಹಲವು ದೇಶದವರ ಶಿಬಿರವೊಂದು ಏರ್ಪಾಟಾಗಿತ್ತು. ಪ್ರೊಫೆಸರರಿಗೆ ಕಣ್ಣಿನ ಆಪರೇಷನ್ ಆದ್ದರಿಂದ ನನ್ನನ್ನು ಕಳಿಸಿದರು. ಮೂಲ ಹಾಳೆಗಳನ್ನೇ ತರಬೇಕೆಂದು ಶಿಬಿರದವರು ಬರೆದಿದ್ದರು.

ನಮ್ಮ ಜಿಲ್ಲೆಯಿಂದ ಅದೇ ಶಿಬಿರಕ್ಕೆ ಹೊರಟಿದ್ದ ಇನ್ನೊಬ್ಬರು ಮಾರಾಟ ತೆರಿಗೆಯ ಅಧಿಕಾರಿ ಗುರುಪಾದಪ್ಪನವರು. ಹೇಗೂ ರಾಮೇಶ್ವರ ದಾರಿಯಲ್ಲೇ ಸಿಗುತ್ತದೆಂದು ಅವರ ಹೆಂಡತಿ ಶಾಂತಕ್ಕನವರೂ ಸ್ವಂತ ಖರ್ಚಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟಿದ್ದರು. ಹಿರಿಯರಿಬ್ಬರು ಜೊತೆಗಿರುತ್ತಾರೆಂದೇ ದೇವದುರ್ಗದಲ್ಲಿ ನಮ್ಮಪ್ಪ ಒಪ್ಪಿದ್ದು. ನನಗೆ ದಾರಿಯ ಹೆದರಿಕೆಯಿರಲಿಲ್ಲ. ಹೆದರಿಕೆಯಿದ್ದದ್ದು ಗುರುಪಾದಪ್ಪನವರದೇ. "ಸಾಹೇಬ್ರು ಒಮ್ಮೆ ಆ ಹಾಳಿ ನೋಡ್ತಾರಂತ್ರೀ" ಎಂದು ಅವರ ಜವಾನ ರಾಯಚೂರಿನಲ್ಲಿ ನಾನಿದ್ದ ಸೋದರತ್ತೆಯ ಮನೆಗೆ ಎರಡು ಸಲ ಬಂದು ಹೋಗಿದ್ದ. ಊರಲ್ಲಿ ಬಿಟ್ಟು ಹೋದರೆ ಮೂರನೆಯ ಸಲವೂ ಬರುತ್ತಾನೆ. ಹೊತ್ತುಕೊಂಡು ಹೋದರೆ ಸಾಹೇಬರ ಜೊತೆಯಲ್ಲೇ ಹೋಗಬೇಕು.

ಗಾಡಿ ಬಂದಾಗ ನನ್ನ ಚೀಲ ನೋಡಿ ಅವರು ನಕ್ಕರು. "ಏನವ್ವಾ, ಮಾನ್ವಿ ಬಜಾರ ಇಡೀ ಹೊತಗೊಂಡು ಹೊಂಟಂಗ ಕಾಣ್ತದ!"

"ಬಟ್ಟೆ ಅದಾವ್ರೀ ಸರ್" ಎಂದೆ. ನನ್ನ ಪ್ರಯಾಣ ಒಂದು ಸುಳ್ಳಿನಿಂದ ಶುರುವಾಯಿತು.

ಮಾನ್ವಿ, ಅದಕ್ಕೂ ಹಿಂದೆ

ಆ ಹಾಳೆಗಳಲ್ಲಿ ಯಾರ ಹೆಸರೂ ಇರಬಾರದಿತ್ತು. ಪ್ರೊಫೆಸರರು ಹೆಸರಿನ ಜಾಗವನ್ನೇ ಇಟ್ಟಿರಲಿಲ್ಲ. ಆದರೆ ಅವರು ಮಾನ್ವಿಯ ಬಜಾರಿನಲ್ಲಿ ಕೂತವರಲ್ಲ.

ನಾನು ಹೋದ ಮೊದಲ ಅಂಗಡಿ ಒಂದು ಎಣ್ಣೆ ಗಾಣದವರದು. ಯಜಮಾನರು ತಾವು ಹೇಳಿದ್ದನ್ನೆಲ್ಲ ನನ್ನಿಂದ ಓದಿಸಿ ಕೇಳಿದರು. ಆಮೇಲೆ ತಗಡಿನ ಡಬ್ಬಿ ತೆಗೆದು, ಅಂಗಡಿಯ ಹೆಸರಿದ್ದ ರಬ್ಬರ್ ಶಿಕ್ಕಾಕ್ಕೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಹಾಳೆಯ ಮೇಲ್ತುದಿಗೆ ಒತ್ತಿದರು. "ಶಿಕ್ಕಾ ಇಲ್ಲದ ಕಾಗದ ಅಂಗಡಿಯಿಂದ ಹೊರಗ ಹೋದ್ರ ನಮಗ ಮರ್ಯಾದಿ ಅಲ್ಲವ್ವಾ" ಎಂದರು. ನಾನು ತಡೆಯಬೇಕಿತ್ತು. ಹಿರಿಯರು, ಗೌರವವೆಂದು ಮಾಡಿದ್ದು, ಸುಮ್ಮನಾದೆ. ನಾನು ಮುಂದಿನ ಅಂಗಡಿ ಹತ್ತುವಷ್ಟರಲ್ಲಿ ಅಲ್ಲಿಯ ಡಬ್ಬಿಯೂ ತೆರೆದಿತ್ತು. ಹೀಗೆ ನಲವತ್ತು ಹಾಳೆಗಳಿಗೂ ಶಿಕ್ಕಾ ಬಿತ್ತು.

ಅವರಲ್ಲೊಬ್ಬರು ಹಲೀಮಾಬಿ. ಗಂಡ ತೀರಿಕೊಂಡ ಮೇಲೆ ಹತ್ತಿಕಾಳಿನ ವ್ಯಾಪಾರವನ್ನು ತಾವೇ ನಡೆಸುತ್ತ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ನನಗೆ ಚಹಾ ತರಿಸಿ, ಬಾಗಿಲ ಪರದೆ ಎಳೆದು ಹೇಳಿದರು:

"ಬ್ಯಾಂಕ್ ಬಂದಾಗ ಖುಷಿ ಆಗಿತ್ತು ಬೇಟಿ. ರೊಕ್ಕ ತಲಿದಿಂಬಿನಾಗ ಇಟ್ಟು ಅರ್ಧಾ ನಿದ್ದಿ ಮಾಡೂದು ತಪ್ಪಿತ್ತು. ವ್ಯಾಪಾರದ್ದೆಲ್ಲಾ ಅಲ್ಲೇ ಹಾಕ್ತಿದ್ದೆ. ಹೋದ ವರ್ಷ ತೆರಿಗಿಯವ್ರು ಬಂದು ಪಾಸ್‌ಬುಕ್ ತೋರಸು ಅಂದ್ರು. ಅವತ್ತಿಂದ ಮೂರರಾಗ ಒಂದು ಪಾಲು ಬ್ಯಾಂಕಿಗೆ. ಎರಡು ಪಾಲು ಮತ್ತ ತಲಿದಿಂಬಿಗೆ."

"ಇದನ್ನೂ ಬರಕೋಬೇಕೇನ್ರೀ?"

"ಬರಕೋ. ಖರೆ ಕೇಳಾಕ ಬಂದೀದಿ, ಖರೆ ಹೇಳೀನಿ. ಆದ್ರ ನೋಡು, ಇದು ಅವರ ಕಿವಿಗೆ ಬಿದ್ರ ಹಿಂದಿಂದು ಮುಂದಿಂದು ಎಲ್ಲಾ ಕೂಡಿಸಿ ದಂಡಾ ಹಾಕ್ತಾರ. ನಾ ಅಂಗಡಿ ಬಾಗಲಾ ಹಾಕಬೇಕಾಗ್ತದ. ನಿನ್ನ ಮ್ಯಾಲ ಭರೋಸಾ ಅದ."

ಅವರು ಶಿಕ್ಕಾವನ್ನು ಎಲ್ಲರಂತೆ ಮೇಲೆ ಒತ್ತಲಿಲ್ಲ. ಕೊನೆಯ ಉತ್ತರದ ಕೆಳಗೆ, ಮಾತು ಮುಗಿದ ಜಾಗದಲ್ಲಿ ಒತ್ತಿದರು.

ಪಾಂಬನ್

ಮದರಾಸಿನಲ್ಲಿ ಗಾಡಿ ಬದಲಿಸಿದೆವು. ಮರುದಿನ ಪಾಂಬನ್ ಸೇತುವೆಯ ಮೇಲೆ ಗಾಡಿ ಮೆಲ್ಲಗೆ ತೆವಳುತ್ತಿದ್ದಾಗ ನಾನು ಮೊದಲ ಸಲ ಸಮುದ್ರ ನೋಡಿದೆ. ಕೃಷ್ಣೆ ತುಂಬಿ ಹರಿದದ್ದನ್ನು ಕಂಡವಳಿಗೆ ನೀರು ಹೊಸದಲ್ಲ. ಆದರೆ ಆಚೆಯ ದಂಡೆಯೇ ಇಲ್ಲದ ನೀರನ್ನು ಎಲ್ಲಿಂದ ನೋಡಲು ಶುರು ಮಾಡಬೇಕೆಂದು ತಿಳಿಯಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ಕಂಬಿಯ ಪಕ್ಕದಲ್ಲಿ ಏನೂ ಇರಲಿಲ್ಲ.

ಶಾಂತಕ್ಕ ಐದು ಪೈಸೆಯ ನಾಣ್ಯವೊಂದನ್ನು ಎಸೆದು ಕೈಮುಗಿದರು. ಗಾಳಿಗೆ ಅದು ತಿರುಗಿ ಅವರ ಮಡಿಲಿಗೇ ಬಿತ್ತು.

"ಸಮುದ್ರನೂ ಒಲ್ಲೆ ಅಂತದ ನೋಡು, ಐದು ಪೈಸೆ!" ಎಂದರು ಗುರುಪಾದಪ್ಪ.

"ನಿಮ್ಮ ಮಾರಿ ನೋಡಿ ಅಂಜಿರಬೇಕು. ಇದಕ್ಕೂ ತೆರಿಗಿ ಹಾಕ್ತೀರಿ ಅಂತ."

ಶಾಂತಕ್ಕ ಕಟಿರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು. ಒಂದು ಕೈ ಚೀಲದ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ ನನ್ನನ್ನು ಗುರುಪಾದಪ್ಪ ನೋಡುತ್ತಿದ್ದರು. ಕೊನೆಗೆ ಸುತ್ತುಬಳಸದೆ ಮಾತಿಗಿಳಿದರು.

"ತಂಗೀ, ನಾ ಕಳ್ಳ ಅಲ್ಲ. ಅಂಗಡಿಯವ್ರು ಲೆಕ್ಕದ ಎರಡು ಚೋಪಡಿ ಬರೀತಾರ, ಒಂದು ತಮಗ, ಒಂದು ನಮಗ. ಪಾಸ್‌ಬುಕ್ ಮಾತ್ರ ಒಂದ ಇರ್ತದ. ಅದಕ್ಕ ಬ್ಯಾಂಕ್ ಬಂದಾಗ ನಾವು ಹಿಗ್ಗಿದ್ವಿ. ನೀ ದೇವದುರ್ಗದಾಗ ಕಲ್ತ ಸಾಲಿ ಯಾರ ರೊಕ್ಕದಾಗ ನಡೀತದ ಹೇಳು?"

"ಸರಕಾರದ್ದು."

"ಸರಕಾರಕ್ಕ ಯಾರು ಕೊಟ್ರು? ಅರಕೇರಾದಾಗ ಕೂಲಿ ಮಾಡಾವ ಬೆಂಕಿಪೊಟ್ಟಣ ಕೊಂಡಾಗೂ ತೆರಿಗಿ ಕೊಡ್ತಾನ. ಬಜಾರದಾಗ ಗಾದಿ ಹಾಸ್ಕೊಂಡು ಕುಂತಾವ ಯಾಕ ಕೊಡಬಾರದು?"

ಅವರ ಮಾತು ಸರಿಯಾಗಿತ್ತು. ನನ್ನನ್ನು ಕಾಡಿದ್ದೂ ಅದೇ. ನಾನು ಓದಿದ ಶಾಲೆಗೆ ಹೆಂಚಿನ ಬದಲು ತಗಡು ಹಾಕಿದ್ದು ರೊಕ್ಕ ಸಾಲದೆ ಎಂದು ಹೆಡ್‌ಮಾಸ್ತರರು ಹೇಳುತ್ತಿದ್ದರು.

ಆದರೂ ಬಾಯಿಗೆ ಬಂತು: "ನೀವು ಪಾಸ್‌ಬುಕ್ ಕೇಳಿದ್ರಂತ ಅವ್ರು ಬ್ಯಾಂಕಿಗೆ ಹೋಗೂದ ಬಿಟ್ರ, ಮುಂದಿನ ವರ್ಷ ನಿಮಗ ಏನ್ ಕಾಣ್ತದ ಸರ್?"

ಅವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

"ಅಂದ್ರ ಬಿಟ್ಟಾರ ಅಂತಾತು."

ನಾನು ಸಮುದ್ರದ ಕಡೆ ತಿರುಗಿದೆ. 

ತಲೈಮನ್ನಾರ್

ರಾಮೇಶ್ವರದಿಂದ ಹಡಗಿನಲ್ಲಿ ಮೂರೂವರೆ ಗಂಟೆ. ಹಡಗು ಅಲುಗಿದಾಗಲೆಲ್ಲ ಶಾಂತಕ್ಕ ನನ್ನ ತೋಳು ಹಿಡಿಯುತ್ತಿದ್ದರು, ನಾನು ಚೀಲ ಹಿಡಿಯುತ್ತಿದ್ದೆ. ಆಚೆ ದಂಡೆಯ ಹೆಸರು ತಲೈಮನ್ನಾರ್. ಇಳಿದವರೆಲ್ಲ ಒಂದು ತಗಡಿನ ಶೆಡ್ಡಿನಲ್ಲಿ ಸಾಲಾಗಿ ನಿಂತೆವು. ಯಾರೂ ನುಗ್ಗಲಿಲ್ಲ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿ ಬೆಳೆದ ನನಗೆ ಆ ಶಾಂತಿಯೇ ಭಯ ತಂದಿತು.

ಕಸ್ಟಮ್ಸ್ ಅಧಿಕಾರಿ ಬಿಳಿಯ ಉಡುಪಿನ ನಡುವಯಸ್ಸಿನವರು. ಸಿಂಹಳದವರು, ನನ್ನೊಡನೆ ಇಂಗ್ಲಿಷಿನಲ್ಲಿ ಮೃದುವಾಗಿ ಮಾತಾಡಿದರು. ಟ್ರಂಕನ್ನು ಒಮ್ಮೆ ನೋಡಿ ಮುಚ್ಚಿದರು. ಚೀಲ ಬಿಚ್ಚಿಸಿದರು. ಹಾಳೆಗಳನ್ನು ಹೊರಳಿಸುತ್ತ ಹೋದಂತೆ ಅವರ ಮುಖ ಗಟ್ಟಿಯಾಯಿತು. ನಮ್ಮ ಅಕ್ಷರಗಳೂ ಅವರ ಅಕ್ಷರಗಳಂತೆ ದುಂಡಗೆ. ಓದಲು ಬಂದೀತೆಂದು ಕಣ್ಣು ಕಿರಿದಾಗಿಸಿ ನೋಡಿದರು, ಬರಲಿಲ್ಲ. ಓದಲು ಬಂದದ್ದು ಅಂಕಿಗಳು, ಮತ್ತು ಇಂಗ್ಲಿಷಿನಲ್ಲಿ ಬರೆದ ರೂಪಾಯಿಯ ಗುರುತು.

"ಇದು ಹುಂಡಿಯ ಲೆಕ್ಕವೇ?" ಎಂದು ಕೇಳಿದರು. ಇಲ್ಲಿ ಒಬ್ಬರಿಗೆ ಹಣ ಕೊಟ್ಟು, ಸಮುದ್ರದಾಚೆ ಇನ್ನೊಬ್ಬರಿಂದ ಪಡೆಯುವ ಕಳ್ಳ ದಾರಿ ಅದು. ಅಂಥ ಚೀಟಿಗಳು ಈ ಹಡಗಿನಲ್ಲೇ ಬರುತ್ತಿದ್ದವಂತೆ.

ನಾನು ಶಿಬಿರದ ಪತ್ರ ತೋರಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. "ನಿಮ್ಮನ್ನು ನಂಬುತ್ತೇನೆ. ಆದರೆ ನಿಮ್ಮ ಕಾಗದಕ್ಕೆ ನೀವೇ ಸಾಕ್ಷಿಯಾಗಲು ಬರುವುದಿಲ್ಲ. ಬೇರೆ ಯಾರಾದರೂ ಒಂದೆರಡು ಓದಿ ಹೇಳಲಿ. ಇಲ್ಲವಾದರೆ ಇವು ಇಲ್ಲಿಯೇ ಉಳಿಯುತ್ತವೆ."

ಗುರುಪಾದಪ್ಪ ತಮ್ಮ ಗುರುತಿನ ಚೀಟಿ ಮೇಜಿನ ಮೇಲಿಟ್ಟರು. ಸರಕಾರಿ ಅಧಿಕಾರಿ, ಅದೂ ತೆರಿಗೆಯವರು. ಕಸ್ಟಮ್ಸಿನವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ನಗುತ್ತ ಹಾಳೆಗಳನ್ನು ಅವರತ್ತ ಸರಿಸಿದರು. ನಾನು ಅವುಗಳ ಮೇಲೆ ಕೈಯಿಟ್ಟೆ.

"ಬಿಡವ್ವಾ, ಗಾಡಿ ಹೋಗ್ತದ" ಎಂದರು ಗುರುಪಾದಪ್ಪ. ಕೊಲಂಬೊಗೆ ಹೋಗುವ ರೈಲು ಶೆಡ್ಡಿನ ಪಕ್ಕದಲ್ಲೇ ನಿಂತಿತ್ತು.

ಹಾಳೆಗಳನ್ನು ಬಿಟ್ಟು ಹೋದರೆ ಪ್ರೊಫೆಸರರ ಒಂದು ವರ್ಷದ ಕೆಲಸ ಹೋಯಿತು. ಇನ್ನೊಂದು ಪ್ರತಿ ಇರಲಿಲ್ಲ. ಕೊಟ್ಟರೆ ಹಲೀಮಾಬಿಯ ಅಂಗಡಿ. ನಾನು ಕೈ ತೆಗೆಯಲಿಲ್ಲ.

ಆಗ ಶಾಂತಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾ ಓದ್ತೀನಿ. ನಾಕನೇತ್ತ ಪಾಸಾಗೀನಿ. ಇವರು ಇಂಗ್ಲೀಷಿನಾಗ ಹೇಳ್ಲಿ."

"ಲೇ, ನೀ ಸುಮ್ಕಿರು."

"ಸುಮ್ಕಿದ್ದು ಇಲ್ಲೀತನಕ ಬಂತು."

ನಾನು ಹೇಳಿದೆ: "ಹಂಗಾರ ನೀವು ಆ ಕಡಿ ತಿರಗಿ ನಿಂದ್ರಬೇಕು ಸರ್."

ನಾನು ಹಿರಿಯರಿಗೆ ಅದುವರೆಗೆ ಅಂಥ ಮಾತು ಆಡಿರಲಿಲ್ಲ. ಅವರ ಕಿವಿ ಕೆಂಪಾಯಿತು. ಪರದೇಶದ ಅಧಿಕಾರಿಯ ಮುಂದೆ, ಹೆಂಡತಿಯ ಮುಂದೆ. "ಸಾಲಿ ಹುಡುಗಗ ಮೂಲ್ಯಾಗ ನಿಲ್ಲಸಿದಂಗ ನಿಲ್ಲಸ್ತೀಯೇನು?" ಎಂದರು.  ಅವರು ತಿರುಗಿ, ಸಮುದ್ರದ ಕಡೆ ಮುಖ ಮಾಡಿ ನಿಂತರು.

ನಾನು ಇಂಗ್ಲಿಷಿನಲ್ಲಿ ತಿಳಿಸಿದ ಈ ಏರ್ಪಾಟಿಗೆ ಕಸ್ಟಮ್ಸಿನವರು ತಲೆಯಾಡಿಸಿ, ನಡುನಡುವೆಯಿಂದ ಮೂರು ಹಾಳೆ ಎಳೆದರು. ಶಾಂತಕ್ಕ ಪುರಾಣ ಓದುವಂತೆ ರಾಗವಾಗಿ ಓದಿದರು. ಗುರುಪಾದಪ್ಪ ಸಮುದ್ರಕ್ಕೆ ಹೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಮೊದಲೆರಡು ಹಾಳೆಗಳ ಮೇಲ್ತುದಿಯ ಶಿಕ್ಕಾವನ್ನು ನನ್ನ ಹೆಬ್ಬೆರಳಿನಿಂದ ಮುಚ್ಚಿದ್ದೆ. ಮೂರನೆಯದಕ್ಕೂ ಮೇಲ್ತುದಿಗೇ ಬೆರಳಿಟ್ಟೆ. ಅಲ್ಲಿ ಏನೂ ಇರಲಿಲ್ಲ.

"...ಮೂರರಲ್ಲಿ ಒಂದು ಪಾಲು ಬ್ಯಾಂಕಿಗೆ, ಉಳಿದದ್ದು ಮನೆಯಲ್ಲಿ" ಎಂದು ಓದಿದ ಶಾಂತಕ್ಕ ಅದೇ ರಾಗದಲ್ಲಿ ಮುಂದುವರಿದರು, "ಹಲೀಮಾಬಿ, ಹತ್ತಿಕಾಳು ವ್ಯಾಪಾರ, ಮಾನ್ವಿ."

ಓದಿದ ಮೇಲೆ ಅವರಿಗೆ ತಿಳಿಯಿತು. ಬಾಯಿಗೆ ಸೆರಗು ಹಿಡಿದರು.

ಗುರುಪಾದಪ್ಪನವರ ಬೆನ್ನು ಅಲ್ಲಾಡಲಿಲ್ಲ. ಇಂಗ್ಲಿಷಿನಲ್ಲಿ, "ಒಂದು ಪಾಲು ಬ್ಯಾಂಕಿಗೆ, ಉಳಿದದ್ದು ಮನೆಯಲ್ಲಿ. ಇಷ್ಟೇ" ಎಂದರು.

ಕಸ್ಟಮ್ಸಿನವರು ಹಾಳೆಗಳನ್ನು ಜೋಡಿಸಿ ನನಗೆ ಕೊಟ್ಟು, ತೊಂದರೆಗೆ ಕ್ಷಮೆ ಕೇಳಿದರು.

ಕೊಲಂಬೊ

ಕೊಲಂಬೊದಲ್ಲಿ ಜನ ಬಾಯಲ್ಲಿ ಬೆಲ್ಲದ ಚೂರು ಕಚ್ಚಿಕೊಂಡು ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ಶಾವಿಗೆಯಂಥದ್ದನ್ನು ಬೆಳಗಿನ ತಿಂಡಿಗೆ ಖಾರದ ಸಾರಿನೊಡನೆ ತಿನ್ನುತ್ತಿದ್ದರು. "ಶಾವಿಗಿಗೆ ಸಕ್ಕರಿ ಹಾಕೂದು ಬಿಟ್ಟು ಖಾರ ಹಾಕ್ತಾರ, ಚಾಕ್ಕ ಹಾಲು ಹಾಕೂದು ಬಿಟ್ಟು ಬೆಲ್ಲ ಕಡೀತಾರ" ಎಂದು ಶಾಂತಕ್ಕ ನನಗೆ ಮಾತ್ರ ಹೇಳುತ್ತಿದ್ದರು. ತಲೈಮನ್ನಾರಿನಿಂದಲೇ ಗಂಡನ ಜೊತೆ ಮಾತು ಬಿಟ್ಟಿದ್ದರು. ನನ್ನ ಕೋಣೆಯಲ್ಲೇ ಮಲಗುತ್ತ, ರೊಟ್ಟಿಯ ಗಂಟನ್ನೂ ಅಲ್ಲಿಗೇ ತಂದು ಇಟ್ಟುಕೊಂಡಿದ್ದರು.

ಗುರುಪಾದಪ್ಪನವರಿಗೆ ಆ ಹೆಸರು ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸಮುದ್ರದ ಗಾಳಿಯಿತ್ತು, ಕೇಳಿಸದೆಯೂ ಇರಬಹುದು. ಮೂರು ವಾರ ಅವರು ನನ್ನೊಡನೆ ಮೊದಲಿನಂತೆಯೇ ನಡೆದುಕೊಂಡರು. ಅದೇ ನನಗೆ ಕಷ್ಟವಾಯಿತು. ಶಿಬಿರದಲ್ಲಿ ಅವರು ಪುಸ್ತಕದಲ್ಲಿ ಏನಾದರೂ ಬರೆದುಕೊಂಡರೆ ಸಾಕು, ನನ್ನ ಗಮನ ಪಾಠದಿಂದ ಜಾರುತ್ತಿತ್ತು.

ಅಲ್ಲಿಯ ಅಧಿಕಾರಿಯೊಬ್ಬರು ಹೇಳಿದ್ದು ಮಾತ್ರ ನೆನಪಿದೆ. ಅವರ ಸರಕಾರಕ್ಕೆ ದೊಡ್ಡ ತೆರಿಗೆ ಬರುವುದು ಬಂದರಿನಲ್ಲಿ, ಚಹಾದ ಪೆಟ್ಟಿಗೆ ಹಡಗು ಹತ್ತುವಾಗ. ಒಂದೇ ಬಾಗಿಲು, ಅಲ್ಲಿ ಒಬ್ಬ ಮನುಷ್ಯ ಕೂತರೆ ಸಾಕು. ನಮ್ಮ ಬಜಾರಿಗೆ ಅಂಥ ಬಾಗಿಲಿಲ್ಲ. ಮಸರಕಲ್ಲಿನಿಂದ ಬಂಡಿಯಲ್ಲಿ ಬಂದ ಹತ್ತಿ ದೇವದುರ್ಗದ ಯಾವ ಓಣಿಯಲ್ಲಿ ಇಳಿಯಿತು, ಯಾರ ಕೈಗೆ ಹೋಯಿತು, ನೋಡಿದವರಾರು? ಬ್ಯಾಂಕು ಬಂದ ಮೇಲೆ ಅದೊಂದು ಕಿಟಕಿಯಾಯಿತು. ಕಿಟಕಿಯಲ್ಲಿ ಯಾರೋ ನಿಂತು ನೋಡುತ್ತಿದ್ದಾರೆಂದು ಗೊತ್ತಾದ ದಿನ ಜನ ಹಿತ್ತಲ ದಾರಿ ಹಿಡಿದರು. ನನ್ನ ಸರದಿ ಬಂದಾಗ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿದೆ. ಹೊಸ ಶಾಖೆ ಬಂದ ದೇವದುರ್ಗದಲ್ಲಿ ಅಂಗಡಿಯವರು ಬ್ಯಾಂಕಿಗೆ ಹೆಚ್ಚುಹೆಚ್ಚು ಹಾಕುತ್ತಿದ್ದರು. ಪಾಸ್‌ಬುಕ್ ಕೇಳಿದ ಮಾನ್ವಿಯಲ್ಲಿ ಹಿಂದೆ ಸರಿಯುತ್ತಿದ್ದರು. ಎಲ್ಲರೂ ಬರೆದುಕೊಂಡರು. ಮುಂದಿನ ಸಾಲಿನಲ್ಲಿದ್ದ ಗುರುಪಾದಪ್ಪ ಮಾತ್ರ ಬರೆದುಕೊಳ್ಳಲಿಲ್ಲ.

ಹೊರಡುವ ಹಿಂದಿನ ಸಂಜೆ ಸಮುದ್ರದ ದಂಡೆಗೆ ಹೋಗಿದ್ದೆವು. ಜನ ಗಾಳಿಪಟ ಹಾರಿಸುತ್ತಿದ್ದರು. ಮಕ್ಕಳಲ್ಲ, ಕೋಟು ಹಾಕಿದ ಗಂಡಸರು. ಗುರುಪಾದಪ್ಪ ಅದನ್ನೇ ನೋಡುತ್ತ ಹೇಳಿದರು:

"ಮೂರನೇ ಹಾಳಿ ಓದಿದಾಗ ನನಗ ಕೇಳಸ್ತು ತಂಗೀ."

ನಾನು ಗಾಳಿಪಟದಿಂದ ಕಣ್ಣು ತೆಗೆದು ಅವರತ್ತ ನೋಡಿದೆ.

"ಕೇಳಿಲ್ಲ ಅನ್ನಬೇಕಂತ ಇಪ್ಪತ್ತು ದಿನ ನೋಡಿದೆ. ಆಗಲಿಲ್ಲ. ಕಣ್ಣು ಆ ಕಡಿ ತಿರಗಿಸಬಹುದು, ಕಿವಿ ಹ್ಯಾಂಗ ತಿರಗಿಸ್ಲಿ?"

"ನನ್ನ ಬಾಯಿ ಸುಡ್ಲಿ" ಎಂದರು ಶಾಂತಕ್ಕ.

"ನಿನ್ನ ಬಾಯಿ ತಪ್ಪೇನಿಲ್ಲ." ಅವರು ಹೆಂಡತಿಗೆ ಹೇಳಿ ನನ್ನ ಕಡೆ ತಿರುಗಿದರು. "ಊರಿಗೆ ಹೋದ ಮ್ಯಾಲ ಹದಿನೈದು ದಿನ ನೋಟೀಸ್ ಕಳಸಂಗಿಲ್ಲ. ಆಕಿ ತಾನ ಬಂದು ಖರೆ ಬರೆಸಿದ್ರ ತೆರಿಗಿ ಅಷ್ಟ ಕಟ್ಟಿಸ್ಕೋತೀನಿ. ದಂಡಾ ಇಲ್ಲ. ಬರಲಿಲ್ಲ ಅಂದ್ರ ನಾ ಹೋಗಬೇಕಾಗ್ತದ. ಇದಕ್ಕಿಂತ ಹೆಚ್ಚು ನನ್ನ ಕೈಲಿ ಆಗಂಗಿಲ್ಲ."

"ಆಕಿಗೆ ಯಾರು ಹೇಳಬೇಕು?" ಎಂದೆ.

ಅವರು ಮತ್ತೆ ಗಾಳಿಪಟಗಳ ಕಡೆ ಮುಖ ತಿರುಗಿಸಿದರು.

ಮತ್ತೆ ಮಾನ್ವಿ, ರಾಯಚೂರು

ಊರಿಗೆ ಬಂದವರು ದಣಿವಾರಿಸಿಕೊಳ್ಳುತ್ತಾರೆ, ಕಂಡದ್ದನ್ನು ಹೇಳುತ್ತಾರೆ. ನಾನು ಮರುದಿನವೇ ಮಾನ್ವಿಯ ಬಸ್ಸು ಹತ್ತಿದೆ. ನನ್ನ ಪ್ರಯಾಣ ಮುಗಿದಿರಲಿಲ್ಲ. ರಾಮೇಶ್ವರದ ಹಡಗಿಗಿಂತ ಆ ಬಸ್ಸು ಹೆಚ್ಚು ಅಲುಗಿತು.

ಹಲೀಮಾಬಿ ಹತ್ತಿಕಾಳಿನ ಚೀಲ ತೂಗಿಸುತ್ತಿದ್ದರು. "ಆಯಿಯೇ, ಲಂಕಾ ಮೇಮ್‌ಸಾಬ್! ಸೀತಮ್ಮ ಇದ್ದ ತ್ವಾಟ ನೋಡಿದೇನು?" ಎಂದು ನಕ್ಕರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಗಡಿನ ಶೆಡ್ಡು, ಮೂರು ಹಾಳೆ, ಇಟ್ಟ ಬೆರಳು, ತಪ್ಪಿದ ಜಾಗ, ಹದಿನೈದು ದಿನ.  ಹಲೀಮಾಬಿ ಹಮಾಲರಿಗೆ ಕೈಸನ್ನೆ ಮಾಡಿ ಹೊರಗೆ ಕಳಿಸಿದರು.

"ನೀ ಹೇಳಿದೇನು?"

"ಇಲ್ರೀ. ಆದ್ರ ನನ್ನ ಚೀಲದಿಂದ ಹೋತು."

ಅವರು ತಕ್ಕಡಿಯ ತೂಕದ ಕಲ್ಲುಗಳನ್ನು ಒಂದೊಂದಾಗಿ ಇಳಿಸಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾಳಿ ಮುಂಜಾನಿ ಬಸ್ಸಿಗೆ ಹೋಗೂನು" ಎಂದರು. "ನೀನೂ ಬರಬೇಕು."

ಮರುದಿನ ರಾಯಚೂರಿನ ತೆರಿಗೆ ಕಚೇರಿಯಲ್ಲಿ ಅವರು ಒಬ್ಬರೇ ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ನನ್ನ ಪಕ್ಕದಲ್ಲಿ ಪಾಸ್‌ಬುಕ್ ಹಿಡಿದ ಇನ್ನಿಬ್ಬರು ವ್ಯಾಪಾರಿಗಳಿದ್ದರು. ಇಬ್ಬರೂ ಅದನ್ನು ಧೋತರದ ಅಂಚಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಬಾಗಿಲಾಚೆ ಮೊದಲು ಗುರುಪಾದಪ್ಪನವರ ಧ್ವನಿ, ಆಮೇಲೆ ಹಲೀಮಾಬಿಯದು, ಬಳಿಕ ಎರಡೂ ಒಟ್ಟಿಗೆ.  

ಹಲೀಮಾಬಿ ಹೊರಗೆ ಬಂದವರೇ ಚಪ್ಪಲಿ ಮೆಟ್ಟಿದರು. "ಮೂರು ಕಂತು ಮಾಡ್ಯಾರ. ದಂಡಾ ಹಾಕಿಲ್ಲ. ಛೋಟಿ ಮಗಳ ಬಂಗಾರದ ಸರ ಒಂದು ಒತ್ತಿ ಇಡಬೇಕಾಗ್ತದ. ಅಂಗಡಿ ಉಳಿತು."

ಬಸ್‌ಸ್ಟ್ಯಾಂಡಿನವರೆಗೆ ನಡೆದೆವು. ಬಿಸಿಲಿತ್ತು. ಏನಾದರೂ ಹೇಳಬೇಕೆನಿಸಿತು, ಕ್ಷಮೆ ಕೇಳಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ನನ್ನ ಹಾಳೆಯ ಭಾಷೆ.

"ಇನ್ನ ಮುಂದ ಎಲ್ಲಾ ಬ್ಯಾಂಕಿಗೆ ಹಾಕ್ತೀರೇನ್ರೀ?"

ಹಲೀಮಾಬಿ ನಿಂತು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನನ್ನ ಗಲ್ಲವನ್ನು ಎರಡು ಬೆರಳಿನಿಂದ ಮುಟ್ಟಿದರು.

"ಬೇಟಿ, ಅಂಗಡಿಗೆ ಯಾವಾಗ ಬಂದ್ರೂ ಚಾ ಕುಡಿಸ್ತೀನಿ, ಊಟಾ ಹಾಕ್ತೀನಿ. ಇನ್ನ ಮ್ಯಾಲ ಇಂಥಾದ್ದು ಮಾತ್ರ ಕೇಳಬ್ಯಾಡ. ಹೇಳಂಗಿಲ್ಲ."

ಮಾನ್ವಿಯ ಬಸ್ಸು ಬಂತು. ಜನ ಕಿಟಕಿಗಳಿಗೆ ಮುಗಿಬಿದ್ದರು. ಅವರು ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿದರು.